ನಾಳೆಗೆ ಎತ್ತಿಟ್ಟ ಜೋಳ

“ಬುದ್ಧಿ, ನಾಳೆಗೆಂದು ಎತ್ತಿಡುವವರಿಗೆ ದೇವರಲ್ಲಿ ನಂಬಿಕೆ ಇದೆ ಎನ್ನಬಹುದೇ?”

ಹೀಗೆ ಕೇಳಿದವನು ಮಠದ ದಾಸೋಹ ನೋಡಿಕೊಳ್ಳುತ್ತಿದ್ದ ಶಿಷ್ಯ. ಆ ಹೊಣೆ ಅವನಿಗೆ ಹೊಸದು. ಮಧ್ಯಾಹ್ನದ ಪಂಕ್ತಿಯಲ್ಲಿ ಕೆಲವು ಹೆಂಗಸರು ಬಡಿಸಿದ ರೊಟ್ಟಿಯಲ್ಲಿ ಅರ್ಧ ಉಂಡು, ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವುದನ್ನು ಅವನು ಕಂಡಿದ್ದ. ಅವರನ್ನು ತಡೆಯಬೇಕೆಂದು ಅವನ ಮನಸ್ಸು. ತಡೆಯುವ ಮೊದಲು ಗುರುಗಳನ್ನು ಒಂದು ಮಾತು ಕೇಳಲು ಬಂದಿದ್ದ.

“ಇಲ್ಲಿ ಹೊಟ್ಟೆ ತುಂಬ ಉಣ್ಣಲಿ, ಬೇಡ ಎನ್ನುವವರಿಲ್ಲ. ನಾಳೆಯೂ ಇಲ್ಲಿ ಒಲೆ ಉರಿಯುತ್ತದೆ. ಎದುರಿಗಿರುವ ಪ್ರಸಾದವನ್ನೇ ನಂಬದವರು ಇನ್ನೇನನ್ನು ನಂಬಿಯಾರು?” ಎಂದ.

ಗುರುಗಳು ಅವನ ಮುಖ ನೋಡಿದರು. ಅಲ್ಲಿ ಸಿಟ್ಟಿಗಿಂತ ದುಃಖ ಹೆಚ್ಚಿತ್ತು. “ಕೂತುಕೋ,” ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮಾಳವ್ವ ಎಂಬ ಹೆಂಗಸಿದ್ದಳು. ಗಂಡ ಕುರಿ ಕಾಯುತ್ತಿದ್ದವನು. ಮಂದೆಯ ಜೊತೆ ದೂರದ ಸೀಮೆಗೆ ಹೋದವನು ಅಲ್ಲೇ ಜ್ವರ ಬಂದು ತೀರಿಕೊಂಡ. ಮನೆಯಲ್ಲಿ ಉಳಿದವರು ಮುದುಕಿ ಅತ್ತೆ, ಒಬ್ಬ ಮಗಳು, ಅವಳಿಗಿಂತ ಚಿಕ್ಕವನಾದ ಒಬ್ಬ ಮಗ. ಮಾಳವ್ವ ಕಂಬಳಿ ನೇಯುವವರಿಗೆ ಉಣ್ಣೆ ನೂತು ಕೊಡುತ್ತಿದ್ದಳು. ಅದರಿಂದ ಬಂದದ್ದು ಉಪ್ಪು, ಮೆಣಸಿನಕಾಯಿ, ದೀಪದ ಎಣ್ಣೆಗೆ ಆಗುತ್ತಿತ್ತು. ಹೊಟ್ಟೆಗೆ ಆಗುತ್ತಿರಲಿಲ್ಲ.

ಆ ಊರಿನ ಒಬ್ಬ ವರ್ತಕ ಒಂದು ಧರ್ಮ ನಡೆಸುತ್ತಿದ್ದ. ದುಡಿಯುವ ಗಂಡಸಿಲ್ಲದ ಮನೆಗಳಿಗೆ ಪ್ರತಿ ಸೋಮವಾರ ತನ್ನ ಉಗ್ರಾಣದಿಂದ ಜೋಳ, ಹುರುಳಿ, ಒಂದು ಉಂಡೆ ಬೆಲ್ಲ ಅಳೆದು ಕೊಡಿಸುತ್ತಿದ್ದ. ಕೊಟ್ಟದ್ದು ಮುಂದಿನ ಸೋಮವಾರದವರೆಗೆ ಬರಬೇಕು. ತಲೆ ಓಡಿಸಿ ಬೇಯಿಸಿದರೆ ಬರುತ್ತಿತ್ತು. ಒಂದು ದಿನ ಕೈ ಸಡಿಲವಾದರೆ ಬರುತ್ತಿರಲಿಲ್ಲ.

ಮಾಳವ್ವ ಅದನ್ನು ತರುತ್ತಿದ್ದಳು. ಮೊರದಲ್ಲಿ ಹರವಿ, ಕಲ್ಲು ಆರಿಸಿ, ಕಾಳಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಆಗ ಯಾರೂ ಮಾತಾಡಿಸಬಾರದೆಂದು ಮಕ್ಕಳಿಗೂ ಗೊತ್ತಿತ್ತು. ಆಕೆ ಕಾಳನ್ನು ದಿನಕ್ಕಿಷ್ಟು ಎಂದು ಸಮನಾಗಿ ಭಾಗ ಮಾಡುತ್ತಿರಲಿಲ್ಲ. ದಿನಗಳು ಸಮನಾಗಿಲ್ಲ ಎಂದು ಆಕೆಗೆ ತಿಳಿದಿತ್ತು.

ಸೋಮವಾರ ಜೋಳ ಬಂದದ್ದನ್ನು ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಅಂದು ಅವರಿಗೆ ಬಿಸಿ ರೊಟ್ಟಿ ಸುಟ್ಟು ಕೊಡದೆ ಆಗದು. ಮಂಗಳವಾರ ಹುರುಳಿ ಬೇಯಿಸಿ, ಬಸಿದ ನೀರಿಗೆ ಹುಣಸೆಹಣ್ಣು, ಖಾರ ಹಾಕಿ ಸಾರು ಮಾಡುವುದು. ಬಸಿದು ಉಳಿದ ಕಾಳು ಬುಧವಾರಕ್ಕೆ ಪಲ್ಯವಾಗುತ್ತಿತ್ತು. ಹಿಟ್ಟು ಜರಡಿ ಹಿಡಿದಾಗ ಮೇಲೆ ನಿಂತ ನುಚ್ಚನ್ನು ಗುರುವಾರಕ್ಕೆ ಇಟ್ಟಿರುತ್ತಿದ್ದಳು. ಶುಕ್ರವಾರ ಹೊಲದ ಬದುವಿನಲ್ಲಿ ಸಿಕ್ಕ ಸೊಪ್ಪು ಬೇಯಿಸಿ, ಅದಕ್ಕೆ ಒಂದು ಹಿಡಿ ಹಿಟ್ಟು ಕಲಸುವುದು. ಶನಿವಾರ ಅಂಬಲಿ. ಭಾನುವಾರ, ವಾರದುದ್ದಕ್ಕೂ ಬುಟ್ಟಿಯ ಕೆಳಗೆ ಒಣಗಿಸಿಟ್ಟ ರೊಟ್ಟಿ ಮುರಿದು ನೀರುಮಜ್ಜಿಗೆಯಲ್ಲಿ ನೆನೆಸುವುದು. ಮಜ್ಜಿಗೆಯನ್ನು ಎಮ್ಮೆ ಸಾಕಿದ ಒಂದು ಮನೆಯವರು ಕೊಡುತ್ತಿದ್ದರು. ಬದಲಿಗೆ ಮಾಳವ್ವ ಅವರ ಕೊಟ್ಟಿಗೆ ಗುಡಿಸುತ್ತಿದ್ದಳು.

ಭಾನುವಾರವೇ ಎಲ್ಲಕ್ಕಿಂತ ಬಡ ದಿನ. ಅದಕ್ಕೆಂದೇ ಬೆಲ್ಲವನ್ನು ಆಕೆ ಭಾನುವಾರಕ್ಕೆ ಇಡುತ್ತಿದ್ದಳು. ಜೋಳ ಹುರಿದು ಬೀಸಿ, ಬೆಲ್ಲ ಕಲಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ ಮಕ್ಕಳ ಕೈಗೆ ಕೊಡುತ್ತಿದ್ದಳು. ಹೀಗಾಗಿ ಆ ಮನೆಯ ಮಕ್ಕಳಿಗೆ ಭಾನುವಾರ ಬಂದರೆ ಹೆದರಿಕೆ ಇರಲಿಲ್ಲ. ಅವರು ಅದನ್ನೇ ಕಾಯುತ್ತಿದ್ದರು.

ಇಷ್ಟೆಲ್ಲ ಮಾಡಿದರೂ ಆಕೆಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಅತ್ತೆಯ ಬಾಯಿ ಜೋರು. “ನಮ್ಮ ಮನೆಯಲ್ಲಿ ಯಾವತ್ತೂ ಎಣಿಸಿ ಹಾಕಿದವರಿಲ್ಲ. ಇವಳು ಬಂದ ಮೇಲೆ ತಟ್ಟೆಯ ಮೇಲೂ ಕಾವಲು,” ಎನ್ನುತ್ತಿದ್ದಳು. ಮಗ “ಅವ್ವಾ, ಇನ್ನೊಂದು ರೊಟ್ಟಿ,” ಎಂದು ಕೈ ಚಾಚಿದರೆ ಮಾಳವ್ವ “ನಾಳೆ” ಎನ್ನುತ್ತಿದ್ದಳು. ಸಾರು ಇನ್ನಷ್ಟು ಬೇಕೆಂದು ಮಗಳು ಕೇಳಿದರೂ ಅದೇ ಮಾತು. ಆ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಆ ಮಾತು ಕೇಳುತ್ತಿತ್ತೋ! ಹೇಳಿ ಹೇಳಿ ಆಕೆಗೂ ಸಾಕಾಗಿತ್ತು. ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಗಡಿಗೆ ಬಳಿದು ತಾನು ಉಣ್ಣುವಾಗ, ಮರುದಿನದ ಲೆಕ್ಕ ಆಕೆಯ ಬಾಯಲ್ಲಿದ್ದ ತುತ್ತಿನ ರುಚಿಯನ್ನೂ ಕೆಡಿಸುತ್ತಿತ್ತು.

ಹೀಗಿರುವಾಗ ಆ ಊರಿಗೆ ಒಬ್ಬ ವಿರಕ್ತ ಬಂದ. ಕೆರೆಯ ದಂಡೆಯ ಮಂಟಪದಲ್ಲಿ ಉಳಿದುಕೊಂಡ. ಆತನಿಗೆ ಒಂದು ವ್ರತವಿತ್ತು. ದಿನಕ್ಕೆ ಒಂದೇ ಸಲ ಭಿಕ್ಷೆಗೆ ಹೊರಡುವುದು, ಜೋಳಿಗೆಗೆ ಬಿದ್ದದ್ದನ್ನು ಉಣ್ಣುವುದು, ಮಿಕ್ಕದ್ದನ್ನು ಹಕ್ಕಿಗೆ, ನಾಯಿಗೆ ಹಾಕಿ ಜೋಳಿಗೆ ಕೊಡವುವುದು. ಮರುದಿನಕ್ಕೆ ಒಂದು ಅಗುಳನ್ನೂ ಇಡುವಂತಿಲ್ಲ. ಎಳೆಯ ವಯಸ್ಸಿನಲ್ಲಿ ಹಿಡಿದ ವ್ರತ, ತಲೆ ನರೆಯುವವರೆಗೆ ತಪ್ಪಿರಲಿಲ್ಲ. ಆತ ಕಪಟಿಯಲ್ಲ. ಹೇಳಿದಂತೆ ಬದುಕುತ್ತಿದ್ದ. ಊರವರು ಆತನ ಮುಖದಲ್ಲಿನ ನೆಮ್ಮದಿ ನೋಡಿಯೇ ಕೈ ಮುಗಿಯುತ್ತಿದ್ದರು.

ಒಂದು ಮಂಗಳವಾರ ಆತ ಮಾಳವ್ವನ ಬಾಗಿಲಿಗೆ ಬಂದ. ಮಕ್ಕಳು ಆಗ ತಾನೆ ಉಂಡು ತಟ್ಟೆ ನೆಕ್ಕುತ್ತಿದ್ದರು. ಮಾಳವ್ವ ಬುಟ್ಟಿ ಎತ್ತಿ, ಕೆಳಗಿದ್ದ ಒಣ ರೊಟ್ಟಿಗಳಲ್ಲಿ ಒಂದನ್ನು ಮುರಿದು ಅರ್ಧ ತಂದು ಜೋಳಿಗೆಗೆ ಹಾಕಿದಳು. ಬುಟ್ಟಿಯ ಕೆಳಗೆ ಇನ್ನೂ ರೊಟ್ಟಿ ಇರುವುದನ್ನು ವಿರಕ್ತ ನೋಡಿದ. ಆ ಬುಟ್ಟಿಯ ಮೇಲೆಯೇ ನೆಟ್ಟಿದ್ದ ಹುಡುಗನ ಕಣ್ಣನ್ನೂ ನೋಡಿದ.

“ಅವು ಯಾರಿಗೆ, ತಾಯಿ?” ಎಂದು ಕೇಳಿದ.

“ಭಾನುವಾರಕ್ಕೆ, ಸ್ವಾಮಿ.”

“ಭಾನುವಾರ ಇನ್ನೂ ಬಂದಿಲ್ಲ. ಮಗು ಇಲ್ಲೇ ಕೂತಿದೆ. ಇವತ್ತು ಕೊಟ್ಟವನು ಭಾನುವಾರ ಕಣ್ಣು ಮುಚ್ಚಿಕೊಂಡಿರುತ್ತಾನೆಯೇ? ನನ್ನನ್ನು ನೋಡು. ನನಗೆ ಬುಟ್ಟಿಯೂ ಇಲ್ಲ, ಗಡಿಗೆಯೂ ಇಲ್ಲ. ಒಂದು ದಿನವೂ ಅವನು ನನ್ನನ್ನು ಮರೆತಿಲ್ಲ.”

ಆತ ಬೈದು ಹೇಳಿದ್ದಲ್ಲ. ಮಗುವಿನ ಮೇಲಿನ ಕರುಣೆಯಿಂದ ಹೇಳಿದ. ಹೇಳಿ ಮುಂದಿನ ಮನೆಗೆ ಹೋದ.

ಮಾತು ಮಾಳವ್ವನ ಮನಸ್ಸಿನಲ್ಲಿ ನಿಂತಿತು. ನೂಲುವಾಗಲೂ ಅದೇ ಯೋಚನೆ. ಆ ಮನುಷ್ಯ ಬಿತ್ತಿಲ್ಲ, ಬೆಳೆದಿಲ್ಲ, ಏನನ್ನೂ ಕೂಡಿಟ್ಟಿಲ್ಲ. ಆತನ ಮುಖ ಅಷ್ಟು ತಿಳಿಯಾಗಿದೆ. ತಾನು ಇಷ್ಟು ವರ್ಷ ಕಾಳು ಕಾಳು ನೋಡಿ ಇಟ್ಟವಳು. ತನ್ನ ಮುಖ ನೋಡಿದರೆ ಮಕ್ಕಳೇ ಕೇಳಲು ಹೆದರುತ್ತಾರೆ. ದೇವರನ್ನು ನಂಬುವ ಬದಲು ತಾನು ಬುಟ್ಟಿಯನ್ನು ನಂಬಿದೆನೇ ಎಂದು ಆಕೆಗೆ ಅನ್ನಿಸಿತು.

ಮುಂದಿನ ಸೋಮವಾರ ಜೋಳ ತಂದಳು. ಆರಿಸಿದಳು. ಆದರೆ ಅದರ ಮುಂದೆ ಸುಮ್ಮನೆ ಕೂರಲಿಲ್ಲ. ನೇರವಾಗಿ ಬೀಸುವ ಕಲ್ಲಿಗೆ ಹಾಕಿದಳು.

ಅಂದು ಆಕೆ ರೊಟ್ಟಿ ತಟ್ಟುತ್ತ ಹೋದಳು, ಮಕ್ಕಳು ತಿನ್ನುತ್ತ ಹೋದರು. ಹುರುಳಿಯ ಸಾರೂ ಅಂದೇ ಆಯಿತು, ಪಲ್ಯವೂ ಅಂದೇ ಆಯಿತು. ಮಗ “ಇನ್ನೊಂದು” ಎಂದ, ಕೊಟ್ಟಳು. ಮತ್ತೆ ಕೇಳಿದ, ಮತ್ತೆ ಕೊಟ್ಟಳು. ಕೊನೆಗೆ ಅವನೇ “ಸಾಕವ್ವಾ” ಎಂದ. ಆ ಮಾತನ್ನು ಆಕೆ ಅವನ ಬಾಯಿಂದ ಎಂದೂ ಕೇಳಿರಲಿಲ್ಲ. ಮಗಳು ಉಣ್ಣುತ್ತ ಉಣ್ಣುತ್ತ ಕಾರಣವಿಲ್ಲದೆ ನಕ್ಕಳು. ಹಲ್ಲಿಲ್ಲದ ಅತ್ತೆ ಬಿಸಿ ರೊಟ್ಟಿಯನ್ನು ಸಾರಿನಲ್ಲಿ ಕಲಸಿ ಉಂಡು, “ನನ್ನ ಮಗ ಇದ್ದಾಗ ಹೀಗೆ ಉಂಡಿದ್ದೆ. ನಿನ್ನ ಕೈಯಲ್ಲಿ ರುಚಿ ಇದೆ, ಮಾಳವ್ವಾ. ಇಷ್ಟು ದಿನ ಅದನ್ನು ಬಚ್ಚಿಟ್ಟಿದ್ದೆ ನೀನು,” ಎಂದಳು. ಮಾಳವ್ವನೂ ಎಲ್ಲರ ಜೊತೆ ಕೂತು ಉಂಡಳು. ಬಿಸಿ ಊಟ ಎಂದರೇನೆಂದು ಆಕೆಗೆ ಮರೆತೇ ಹೋಗಿತ್ತು. ಆ ರಾತ್ರಿ ಲೆಕ್ಕ ಹಾಕದೆ ಮಲಗಿದಳು.

ಇಲ್ಲಿ ಶಿಷ್ಯ ನಡುವೆ ಮಾತಾಡಿದ. “ಇದರಲ್ಲಿ ತಪ್ಪೇನಿದೆ, ಬುದ್ಧಿ?”

“ತಪ್ಪು ಎಂದು ನಾನು ಹೇಳಲಿಲ್ಲ. ಅವರು ಸುಖವಾಗಿ ಉಂಡರು. ಅದೂ ನಿಜವೇ. ಮುಂದೆ ಕೇಳು,” ಎಂದರು ಗುರುಗಳು.

ಮಂಗಳವಾರವೂ ಹಾಗೆಯೇ ಕಳೆಯಿತು. ಬುಧವಾರ ಆಕೆ ಗಡಿಗೆಗೆ ಕೈ ಹಾಕಿದಾಗ ಉಗುರು ತಳಕ್ಕೆ ತಾಗಿತು. ನಂಬಿದ ಮೇಲೆ ಹೆದರಬಾರದು ಎಂದು ತನಗೆ ತಾನೇ ಹೇಳಿಕೊಂಡು, ಇದ್ದದ್ದನ್ನು ಬೇಯಿಸಿ ಬಡಿಸಿದಳು. ಗುರುವಾರ ಗಡಿಗೆ ಬರಿದಾಗಿತ್ತು. ಬುಟ್ಟಿಯ ಕೆಳಗೆ ಏನೂ ಇರಲಿಲ್ಲ. ಬೆಲ್ಲ ಮೊದಲ ದಿನವೇ ಮುಗಿದಿತ್ತು.

ಆಕೆ ಒಲೆಯ ಮುಂದೆ ಕೂತು ಬಾಗಿಲನ್ನೇ ನೋಡಿದಳು. ಕೊಡುವವನು ಯಾವ ರೂಪದಲ್ಲಿ ಬರುತ್ತಾನೆಂದು ವಿರಕ್ತ ಹೇಳಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಹೆಜ್ಜೆ ಸಪ್ಪಳವಾಯಿತು. ಮಾಳವ್ವ ಎದ್ದು ನಿಂತಳು. ಬಂದವಳು ಪಕ್ಕದ ಮನೆಯಾಕೆ. ಒಂದು ಹಿಡಿ ಹಿಟ್ಟು ಕಡ ಕೇಳಲು ಬಂದಿದ್ದಳು.

“ಎಲ್ಲರ ಮನೆಯಲ್ಲಿ ಇಲ್ಲದಿದ್ದರೂ ನಿನ್ನ ಮನೆಯಲ್ಲಿ ಇರುತ್ತದಲ್ಲ, ಮಾಳವ್ವಾ. ಅದಕ್ಕೇ ಇಲ್ಲಿಗೆ ಬಂದೆ,” ಎಂದಳು. ಇಲ್ಲ ಎನ್ನುವುದನ್ನು ಕೇಳಿ, ನಂಬದೆ, ಮುಖ ಗಂಟು ಹಾಕಿಕೊಂಡು ಹೋದಳು.

ಆಗ ಮಾಳವ್ವ ವರ್ತಕನ ಉಗ್ರಾಣಕ್ಕೆ ಹೋದಳು. ವರ್ತಕ ಊರಲ್ಲಿರಲಿಲ್ಲ. ಗುಮಾಸ್ತ ಇದ್ದ. ಆತ ಕೆಟ್ಟವನಲ್ಲ, ಕೈಗೆ ಕೊಟ್ಟ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡುವವನು.

“ವಾರದ ನಡುವೆ ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ. ನಿನಗೆ ಇಷ್ಟು ದಿನ ಸಾಲುತ್ತಿತ್ತು. ಈ ವಾರ ಮಾತ್ರ ಏಕೆ ಸಾಲಲಿಲ್ಲ? ಯಾರಿಗಾದರೂ ಮಾರಿದೆಯಾ?” ಎಂದು ಕೇಳಿದ.

ಆಕೆ ಇಲ್ಲ ಎಂದು ತಲೆಯಾಡಿಸಿದಳು.

“ಮತ್ತೇನಾಯಿತು?”

ಹೊಟ್ಟೆ ತುಂಬ ಉಂಡೆವು ಎಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಧರ್ಮದ ಕಾಳು ತಂದವರು ಹೊಟ್ಟೆ ತುಂಬ ಉಣ್ಣುವುದು ಎಲ್ಲಿಯೋ ಒಂದು ಕಡೆ ಕಳ್ಳತನದಂತೆ ಕಾಣುತ್ತದೆ. ಗುಮಾಸ್ತ ಆ ಮೌನವನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡ.

“ಮಾರಿದ್ದು ಗೊತ್ತಾದರೆ ನಿನ್ನ ಮನೆಯ ಅಳತೆ ನಿಲ್ಲಿಸಬೇಕಾಗುತ್ತದೆ. ವರ್ತಕರು ಬರಲಿ, ವಿಚಾರಿಸುತ್ತೇನೆ,” ಎಂದ.

ಮಾಳವ್ವ ಬರಿಗೈಯಲ್ಲಿ ಮನೆಗೆ ಬಂದಳು. ಹೋಗುವಾಗ ಒಂದು ವಾರದ ಚಿಂತೆ ಇತ್ತು. ಬರುವಾಗ ಮುಂದಿನ ಎಲ್ಲ ವಾರಗಳ ಚಿಂತೆ ಜೊತೆಯಾಯಿತು.

ಶುಕ್ರವಾರ ಸೊಪ್ಪು ತಂದು ಉಪ್ಪು ಹಾಕಿ ಬೇಯಿಸಿದಳು. ಕಲಸಲು ಹಿಟ್ಟಿರಲಿಲ್ಲ. ಬರೀ ಸೊಪ್ಪು ತಿಂದು ಮಗನಿಗೆ ಹೊಟ್ಟೆ ನುಲಿಯಿತು, ಸಂಜೆಯವರೆಗೆ ಅತ್ತ. ಅತ್ತೆ ತನ್ನ ತಟ್ಟೆಯನ್ನು ಮೊಮ್ಮಗಳ ಮುಂದೆ ಸರಿಸಿದಳು. “ನನಗೆ ವಾಯು ಆಗಿದೆ, ಹಸಿವಿಲ್ಲ,” ಎಂದಳು. ಯಾವಾಗಲೂ ಬೈಯುವ ಬಾಯಿ, ಅಂದು ಒಂದು ಬೈಗುಳವನ್ನೂ ಆಡಲಿಲ್ಲ. ಅದನ್ನು ನೋಡಿ ಮಾಳವ್ವನಿಗೆ ಭಯವಾಯಿತು. ಶನಿವಾರ ಬೆಳಿಗ್ಗೆ ಮುದುಕಿ ಹಾಸಿಗೆಯಿಂದ ಏಳಲು ಹೋದವಳು ಅಲ್ಲೇ ಕುಸಿದಳು. ಎತ್ತಿ ಮಲಗಿಸಿದರೆ ಕಣ್ಣು ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. ಕೈಕಾಲು ತಣ್ಣಗಿದ್ದವು.

ಆ ದಿನವೇ ವಿರಕ್ತ ಆ ಓಣಿಗೆ ಭಿಕ್ಷೆಗೆ ಬಂದ. ಬಾಗಿಲಲ್ಲಿ ನಿಂತು ದೇವರ ಹೆಸರು ಹೇಳಿದ. ಹುಡುಗಿ ಹೊರಗೆ ಬಂದಳು.

“ಮುಂದಿನ ಮನೆಗೆ ಹೋಗಿ, ಸ್ವಾಮಿ. ನಮ್ಮಲ್ಲಿ ಇಲ್ಲ,” ಎಂದಳು.

ವಿರಕ್ತ ಹೊರಡುತ್ತಿದ್ದ. ಒಳಗಿನಿಂದ ಮುದುಕಿ ನರಳಿದ್ದು ಕೇಳಿ ನಿಂತ. “ಯಾರಿಗೆ ಏನಾಗಿದೆ, ಮಗಳೇ?” ಎಂದ.

ಅಷ್ಟರಲ್ಲಿ ಮಾಳವ್ವ ಬಂದಳು. ವಿರಕ್ತನನ್ನು ಕಂಡು ಕೈ ಮುಗಿದಳು. ಆಕೆಯ ಮುಖದಲ್ಲಿ ಸಿಟ್ಟು ಇರಲಿಲ್ಲ; ಇದ್ದದ್ದು ನಾಚಿಕೆ.

“ನೀವು ಹೇಳಿದ ಹಾಗೆಯೇ ಮಾಡಿದೆ, ಸ್ವಾಮಿ. ಏನನ್ನೂ ಎತ್ತಿಡಲಿಲ್ಲ. ಮೂರು ದಿನ ಎಲ್ಲರೂ ಚೆನ್ನಾಗಿ ಉಂಡೆವು. ಆಮೇಲೆ ಯಾರೂ ಬರಲಿಲ್ಲ. ನಾನು ನಂಬಿದ್ದರಲ್ಲಿಯೇ ಏನೋ ಕೊರತೆ ಇರಬೇಕು. ಬುಧವಾರ ಒಂದು ಗಳಿಗೆ ಹೆದರಿದ್ದೆ. ಅದಕ್ಕೇ ಹೀಗಾಯಿತೋ ಏನೋ,” ಎಂದಳು.

ಆಕೆ ಬೈದಿದ್ದರೆ ವಿರಕ್ತ ತಡೆದುಕೊಳ್ಳುತ್ತಿದ್ದ. ಬೈಗುಳ ತಡೆಯುವುದು ಆತನಿಗೆ ಅಭ್ಯಾಸವಿತ್ತು. ಈ ಮಾತನ್ನು ತಡೆದು ಅಭ್ಯಾಸವಿರಲಿಲ್ಲ. ತಲೆ ಬಾಗಿಸಿ ಒಳಗೆ ಬಂದ. ಮುದುಕಿಯನ್ನು ನೋಡಿದ. ಬೋರಲು ಹಾಕಿದ ಗಡಿಗೆಯನ್ನು ನೋಡಿದ. ಜೋಳಿಗೆಯಲ್ಲಿ ಅಷ್ಟು ಹೊತ್ತು ಬಿದ್ದಿದ್ದ ರೊಟ್ಟಿಯ ಚೂರು, ಅನ್ನ, ಬೇಳೆ ಎಲ್ಲವನ್ನೂ ಮಾಳವ್ವನ ಮೊರಕ್ಕೆ ಸುರಿದ.

“ಮೊದಲು ಆಕೆಗೆ ಮೆತ್ತಗೆ ಮಾಡಿ ಕುಡಿಸು, ತಾಯಿ. ಮಕ್ಕಳಿಗೆ ಕೊಡು. ನಾನು ಬರುತ್ತೇನೆ,” ಎಂದು ಹೊರಟ.

ಅಂದು ಆತ ಉಣ್ಣಲಿಲ್ಲ. ಖಾಲಿ ಜೋಳಿಗೆ ಹಿಡಿದು ಮತ್ತೆ ಭಿಕ್ಷೆಗೆ ನಡೆದ. ದಿನಕ್ಕೆ ಎರಡನೆಯ ಸಲ ಆತ ಒಂದು ಬಾಗಿಲಲ್ಲಿ ನಿಂತದ್ದು ಅದೇ ಮೊದಲು. ಜನ ಬೆರಗಾದರು. “ಆಗಲೇ ಹಾಕಿದೆವಲ್ಲ, ಸ್ವಾಮಿ?” ಎಂದರು. ಒಬ್ಬ ರೈತ ಕಟ್ಟೆಯ ಮೇಲೆ ಕೂತು, “ವಿರಕ್ತರಿಗೂ ಹಸಿವು ಹೆಚ್ಚಾಯಿತೇನೋ,” ಎಂದು ನಕ್ಕ. “ಬೇಯಿಸಿದ್ದು ಬೇಡ, ತಾಯಿ. ಜೋಳವಿದ್ದರೆ, ಹಿಟ್ಟಿದ್ದರೆ ಕೊಡಿ,” ಎಂದು ಕೇಳುತ್ತ ವಿರಕ್ತ ಮುಂದೆ ಹೋದ.

ಎಷ್ಟೋ ವರ್ಷ ಭಿಕ್ಷೆ ಬೇಡಿದವನು ಆತ. ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ. ಜೋಳಿಗೆಗೆ ಬಿದ್ದಾಗ ಕಣ್ಣು ತೆರೆದು ಹರಸುತ್ತಿದ್ದ. ಅಂದು ಜಪದ ಮೇಲೆ ಮನಸ್ಸು ನಿಲ್ಲಲಿಲ್ಲ. ಕಣ್ಣು ತೆರೆದೇ ನಿಂತಿದ್ದ. ಮನೆಯೊಡತಿ ಒಳಗೆ ಹೋಗುವುದನ್ನು ನೋಡಿದ. ಆಕೆ ಗಡಿಗೆಯ ಮುಚ್ಚಳ ತೆಗೆಯುತ್ತಾಳೆ. ಒಳಗೆ ಇಣುಕಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾಳೆ. ಹಿಡಿ ತುಂಬಿಕೊಂಡು, ಅದರಲ್ಲಿ ಸ್ವಲ್ಪ ಮತ್ತೆ ಒಳಗೆ ಉದುರಿಸಿ, ಉಳಿದದ್ದನ್ನು ತರುತ್ತಾಳೆ. ಒಂದು ಮನೆಯಲ್ಲಿ ಹಾಗೆ ಕಂಡಿತು. ಮುಂದಿನ ಮನೆಯಲ್ಲಿಯೂ ಹಾಗೆಯೇ ಕಂಡಿತು. ಒಂದು ಮನೆಯ ಮುದುಕಿ ಮುಚ್ಚಳ ತೆಗೆದು ನಿಂತಾಗ ಸೊಸೆ, “ಅದು ಅಮಾವಾಸ್ಯೆಗೆ ಇಟ್ಟದ್ದು, ಅತ್ತೆ,” ಎಂದಳು. ಮುದುಕಿ, “ಇರಲಿ ಬಿಡು, ಅಮಾವಾಸ್ಯೆಗೆ ನಾನು ಹೇಗಾದರೂ ಮಾಡುತ್ತೇನೆ,” ಎಂದು ಒಂದು ಬೊಗಸೆ ತಂದು ಹಾಕಿದಳು.

ವಿರಕ್ತ ಆಕೆಯನ್ನು ಹರಸಲು ಕೈ ಎತ್ತಿದ. ಆ ಕೈ ಇಳಿಸಿದ. ಬಗ್ಗಿ ನಮಸ್ಕಾರ ಮಾಡಿ ಮುಂದೆ ನಡೆದ. ಮುದುಕಿ ಗಾಬರಿಯಿಂದ ಹಿಂದೆ ಸರಿದಳು.

ಬಿಸಿಲು ಇಳಿಯುವ ಹೊತ್ತಿಗೆ ಆತ ಮಾಳವ್ವನ ಮನೆಗೆ ಮರಳಿದ. ಮುದುಕಿ ಎರಡು ಗುಟುಕು ಗಂಜಿ ಕುಡಿದು ಕಣ್ಣು ಬಿಟ್ಟಿದ್ದಳು. ಮಕ್ಕಳು ಮಲಗಿದ್ದರು. ವಿರಕ್ತ ತಂದದ್ದನ್ನು ಮೊರಕ್ಕೆ ಹಾಕಿದ. ಜೋಳ, ಒಂದಿಷ್ಟು ಹಿಟ್ಟು, ಅದರಲ್ಲಿ ಬೆರೆತ ಯಾರದೋ ಮನೆಯ ಕಡಲೆಬೇಳೆ.

ಮಾಳವ್ವ ಒಲೆ ಹೊತ್ತಿಸಲು ಎದ್ದಳು. ಆತ ತಡೆದ.

“ಸೋಮವಾರದವರೆಗೆ ಇದು ಬರಬೇಕು, ತಾಯಿ. ಹೇಗೆ ಬರಿಸುವುದೆಂದು ನನಗೆ ಗೊತ್ತಿಲ್ಲ. ನೀನು ಹೇಳು.”

ಮಾಳವ್ವ ಮೊರದ ಮುಂದೆ ಕೂತಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹಿಟ್ಟನ್ನು ಒಂದು ಕಡೆಗೆ ಸರಿಸಿದಳು. “ಇದು ಈ ರಾತ್ರಿಯ ಅಂಬಲಿಗೆ. ಅತ್ತೆಗೂ ಅದೇ ಒಳ್ಳೆಯದು,” ಎಂದಳು. ಬೇಳೆಯನ್ನು ಆರಿಸಿ ಬೇರೆ ಮಾಡಿದಳು. ಜೋಳದ ಮೇಲೆ ಕೈ ಇಟ್ಟಳು. ತಲೆ ಎತ್ತಿ ವಿರಕ್ತನನ್ನು ನೋಡಿದಳು.

“ಇದನ್ನು ನಾಳೆಗೆ ಎತ್ತಿಡಲೇ, ಸ್ವಾಮಿ?”

ಕೇಳುವಾಗ ಆಕೆಯ ದನಿ ಅಳುಕುತ್ತಿತ್ತು. ತಪ್ಪು ಮಾಡಲು ಅಪ್ಪಣೆ ಕೇಳುವವರ ಹಾಗೆ ಇತ್ತು.

ವಿರಕ್ತ ಹೆಗಲ ಮೇಲಿನ ಕಾವಿ ವಸ್ತ್ರವನ್ನು ತೆಗೆದು ನೆಲದ ಮೇಲೆ ಹಾಸಿದ. “ಇದರಲ್ಲಿ ಹಾಕು,” ಎಂದ. ಆಕೆ ಹಾಕಿದಳು. ಆತ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿದ. ಅಭ್ಯಾಸವಿಲ್ಲದ ಕೈ, ಗಂಟು ಸಡಿಲವಾಗಿ ಎರಡು ಕಾಳು ಹೊರಗೆ ಉದುರಿದವು. ಮತ್ತೆ ಬಿಚ್ಚಿ ಕಟ್ಟಿದ. ತಾನೇ ಎದ್ದು ಅದನ್ನು ಗೂಟಕ್ಕೆ ತೂಗುಹಾಕಿದ.

ಆ ಗಂಟಿನಲ್ಲಿದ್ದದ್ದು ಭಾನುವಾರ ದಾಟಿಸಿತು. ಸೋಮವಾರ ಬೆಳಿಗ್ಗೆ ವಿರಕ್ತ ಮಾಳವ್ವನ ಜೊತೆ ವರ್ತಕನ ಉಗ್ರಾಣಕ್ಕೆ ಹೋದ. ವರ್ತಕ ಊರಿಗೆ ಬಂದಿದ್ದ. ಗುಮಾಸ್ತ ಗುರುವಾರದ ಸಂಗತಿ ಹೇಳಿದ. ವರ್ತಕ ಮಾಳವ್ವನ ಕಡೆ ತಿರುಗಿದ. ಆಕೆ ಬಾಯಿ ತೆರೆಯುವ ಮೊದಲೇ ವಿರಕ್ತ ಹೇಳಿದ: “ಈಕೆ ಮಾರಿಲ್ಲ. ಹೊಟ್ಟೆ ತುಂಬ ಉಣ್ಣು ಎಂದು ನಾನು ಹೇಳಿದ್ದೆ. ಈಕೆ ನಂಬಿದಳು, ಮೂರು ದಿನಕ್ಕೆ ಕಾಳು ಮುಗಿಯಿತು. ತಪ್ಪು ನನ್ನದು.”

ವರ್ತಕ ಜೋಳ ಅಳೆಯುವ ಸೇರನ್ನು ಕೈಗೆ ತೆಗೆದುಕೊಂಡು ನೋಡಿದ. ತಾನು ಇಷ್ಟು ವರ್ಷ ಕೊಡುತ್ತಿದ್ದ ಅಳತೆಯಲ್ಲಿ ಒಂದು ಮನೆ ಮೂರು ದಿನ ಮಾತ್ರ ಹೊಟ್ಟೆ ತುಂಬ ಉಣ್ಣಬಹುದೆಂದು ಆತನಿಗೆ ಯಾರೂ ಹೇಳಿರಲಿಲ್ಲ. ತಾನಾಗಿ ಕೇಳಿಯೂ ಇರಲಿಲ್ಲ. ಅಂದು ಸಾಲಿನಲ್ಲಿ ನಿಂತವರಿಗೆಲ್ಲ ಅಳತೆಯ ಮೇಲೆ ಒಂದು ಬೊಗಸೆ ಹೆಚ್ಚು ಹಾಕಿಸಿದ. ಅದು ಮುಂದೆಯೂ ನಡೆಯಿತು.

ಮುದುಕಿ ಚೇತರಿಸಿಕೊಂಡಳು, ಚೇತರಿಸಿಕೊಂಡ ಮೇಲೆ ಮೊದಲಿನಂತೆಯೇ ಬೈದಳು. ಮಾಳವ್ವ ಮತ್ತೆ ಕಾಳಿನ ಮುಂದೆ ಸುಮ್ಮನೆ ಕೂರತೊಡಗಿದಳು. ಆದರೆ ಒಂದನ್ನು ಬದಲಾಯಿಸಿದಳು. ಸೋಮವಾರದ ರಾತ್ರಿ ಮಾತ್ರ ಯಾರಿಗೂ “ನಾಳೆ” ಎನ್ನುತ್ತಿರಲಿಲ್ಲ. ಅಂದು ಎಲ್ಲರೂ ಒಟ್ಟಿಗೆ ಕೂತು, ಸಾಕು ಎನ್ನುವವರೆಗೆ ಉಣ್ಣುತ್ತಿದ್ದರು. ಆ ಒಂದು ರಾತ್ರಿಗಾಗಿ ಉಳಿದ ದಿನಗಳ ಸಾರು, ಅಂಬಲಿ ಇನ್ನಷ್ಟು ತೆಳ್ಳಗಾದವು. ಮಕ್ಕಳು ಅದಕ್ಕೆ ತಕರಾರು ಮಾಡಲಿಲ್ಲ.

ವಿರಕ್ತ ಕೆಲವು ದಿನ ಆ ಊರಲ್ಲಿದ್ದು ಮುಂದಿನ ಊರಿಗೆ ಹೋದ. ಭಿಕ್ಷೆ ಬೇಡುವುದನ್ನು ಬಿಡಲಿಲ್ಲ. ಆದರೆ ಬಾಗಿಲಲ್ಲಿ ನಿಂತಾಗ ದೇವರ ಹೆಸರು ಹೇಳುವ ಮೊದಲು, “ಮನೆಯಲ್ಲಿ ಎಲ್ಲರ ಊಟ ಆಯಿತೇ, ತಾಯಿ?” ಎಂದು ಕೇಳುತ್ತಿದ್ದ. ನಾಳೆಯ ಚಿಂತೆ ಬಿಡು ಎಂದು ಯಾರಿಗೂ ಮತ್ತೆ ಹೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕತೆಯನ್ನು ಮನಸ್ಸಿನಲ್ಲಿಯೇ ಮತ್ತೊಮ್ಮೆ ತಿರುವಿ ಹಾಕಿದ. ಮಾಳವ್ವನ ಬಗ್ಗೆ ಅವನಿಗೆ ಕನಿಕರವಾಗಿತ್ತು. ಆದರೂ ಒಂದು ಕಡೆ ಮನಸ್ಸು ಸಿಕ್ಕಿಕೊಂಡಿತ್ತು.

“ಆ ಮನೆಯವರು ಬದುಕಿದರು, ಒಳ್ಳೆಯದಾಯಿತು. ಆದರೆ ಆ ಗಂಟು ಕಟ್ಟಿದ ಗಳಿಗೆಯಲ್ಲಿ, ಅಷ್ಟು ವರ್ಷ ಕಾಯ್ದುಕೊಂಡು ಬಂದ ಆತನ ವ್ರತ ಮುರಿಯಿತಲ್ಲವೇ, ಬುದ್ಧಿ?” ಎಂದು ಕೇಳಿದ.

“ಅಷ್ಟು ವರ್ಷ ಅದನ್ನು ಕಾಯ್ದವರು, ನಾಳೆಗೆಂದು ಎತ್ತಿಟ್ಟ ಹೆಂಗಸರು, ಮಗು,” ಎಂದರು ಗುರುಗಳು.

ಮರುದಿನದ ಪಂಕ್ತಿಯಲ್ಲಿ ಶಿಷ್ಯ ಆ ಹೆಂಗಸರನ್ನು ತಡೆಯಲಿಲ್ಲ; ಅವರ ಮುಂದೆ ಇನ್ನೊಂದು ರೊಟ್ಟಿ ಇಟ್ಟ.